ಗಡಿಯ ಎರಡೂ ಬದಿಯ ಕಾಲಾಳುಗಳ ಪತ್ರಗಳು: ‘ದಿ ವ್ಯಾಲಿ ಆಫ್ ದ ಶ್ಯಾಡೋ’ ದಾಖಲೆ ಸಂಗ್ರಹದ ವಿಮರ್ಶೆ

ಅಮೆರಿಕದ ಉತ್ತರ ಮತ್ತು ದಕ್ಷಿಣದ ರಾಜ್ಯಗಳ ನಡುವೆ ನಡೆದ ಅಂತರ್ಯುದ್ಧದ (1861–65) ಸೇನಾಪತಿಗಳ ಬಗ್ಗೆ ಪುಸ್ತಕಗಳಿಗೆ ಕೊರತೆಯಿಲ್ಲ. ಹೊಲಮನೆ ಬಿಟ್ಟು, ಯಾರ ಬಲವಂತವೂ ಇಲ್ಲದೆ ಹೆಸರು ಬರೆಸಿ ಕಾಲಾಳು ಪಡೆ ಸೇರಿದವರು ಏನು ಉಂಡರು, ಯಾವುದಕ್ಕೆ ಹೆದರಿದರು, ಮನೆಗೆ ಏನೆಂದು ಬರೆದರು ಎಂಬುದನ್ನು ಅವರದೇ ಮಾತಿನಲ್ಲಿ ಓದಬೇಕೆನ್ನುವವರಿಗೆ ‘ದಿ ವ್ಯಾಲಿ ಆಫ್ ದ ಶ್ಯಾಡೋ’ ಎಂಬ ಡಿಜಿಟಲ್ ಸಂಗ್ರಹಕ್ಕಿಂತ ಒಳ್ಳೆಯ ಬಾಗಿಲು ನನಗೆ ಸಿಕ್ಕಿಲ್ಲ. ಇತಿಹಾಸಕಾರ ಎಡ್ವರ್ಡ್ ಏಯರ್ಸ್ ಅವರ ನೇತೃತ್ವದಲ್ಲಿ ವರ್ಜೀನಿಯಾ ವಿಶ್ವವಿದ್ಯಾಲಯದಲ್ಲಿ 1990ರ ದಶಕದಲ್ಲಿ ರೂಪುಗೊಂಡ ಈ ಸಂಗ್ರಹವನ್ನು ಓದಲು ಹಣ ಕೊಡಬೇಕಾಗಿಲ್ಲ. ಬಹುಪಾಲು ಬರಿಯ ಪಠ್ಯವೇ ಆಗಿರುವುದರಿಂದ, ನಮ್ಮ ಗುಡ್ಡದೂರುಗಳ ದುರ್ಬಲ ಇಂಟರ್ನೆಟ್ಟಿನಲ್ಲಿಯೂ ಕೆಲಸ ನಡೆಯುತ್ತದೆ.

ಸಂಗ್ರಹದ ವಿಶೇಷ ಅದರ ಆಯ್ಕೆಯಲ್ಲಿದೆ. ಇಡೀ ಯುದ್ಧವನ್ನು ಹಿಡಿಯಹೊರಡದೆ, ಒಂದೇ ದೊಡ್ಡ ಕಣಿವೆಯಲ್ಲಿದ್ದು ಯುದ್ಧ ಬಂದಾಗ ಎದುರುಬದುರಾದ ಎರಡು ಕೌಂಟಿಗಳನ್ನು (ನಮ್ಮ ಜಿಲ್ಲೆಯಂಥ ಆಡಳಿತ ಘಟಕಗಳನ್ನು) ಮಾತ್ರ ಅದು ತೆಗೆದುಕೊಂಡಿದೆ: ದಕ್ಷಿಣದ ವರ್ಜೀನಿಯಾದ ಆಗಸ್ಟಾ ಮತ್ತು ಉತ್ತರದ ಪೆನ್ಸಿಲ್ವೇನಿಯಾದ ಫ್ರಾಂಕ್ಲಿನ್. ಎರಡೂ ಕಡೆ ಗೋಧಿ ಬೆಳೆಯುವ ರೈತರು, ಹೆಚ್ಚುಕಡಿಮೆ ಒಂದೇ ಬಗೆಯ ಚರ್ಚುಗಳು. ಆಗಸ್ಟಾದಲ್ಲಿ ಐವರಲ್ಲಿ ಒಬ್ಬರು ಗುಲಾಮರಾಗಿದ್ದರು, ಫ್ರಾಂಕ್ಲಿನ್‌ನಲ್ಲಿ ಗುಲಾಮಗಿರಿ ಇರಲಿಲ್ಲ ಎಂಬುದೇ ನಿರ್ಣಾಯಕ ವ್ಯತ್ಯಾಸ. 1956ರ ನವೆಂಬರ್ 1ರಂದು ಎಳೆದ ರಾಜ್ಯದ ಗೆರೆಯ ಈಚೆಗೆ ಬದುಕುತ್ತಿರುವ ಕಾಸರಗೋಡಿನ ಓದುಗರಿಗೆ ಈ ಜೋಡಣೆಯ ಬೆಲೆಯನ್ನು ವಿವರಿಸಬೇಕಾಗಿಲ್ಲ, ಆದರೆ ಹೋಲಿಕೆಯನ್ನು ಅಲ್ಲಿಗೇ ನಿಲ್ಲಿಸುವುದು ಮರ್ಯಾದೆ. ನಮ್ಮ ಗಡಿಯ ಜಗಳ ಮನವಿ, ಮೆರವಣಿಗೆ ಮತ್ತು ನ್ಯಾಯಾಲಯಗಳಲ್ಲಿ ನಡೆದದ್ದು, ಅವರದು ಬಂದೂಕಿನಲ್ಲಿ ನಡೆದದ್ದು.

ಪತ್ರ, ದಿನಚರಿ, ಜನಗಣತಿ, ಸೈನಿಕರ ಸೇವಾ ದಾಖಲೆ ಮತ್ತು ಎರಡೂ ಊರುಗಳ ಪತ್ರಿಕೆಗಳು ಒಂದೇ ಕಡೆ ಇರುವುದರಿಂದ ಒಬ್ಬ ಸೈನಿಕನ ಬೆನ್ನು ಹಿಡಿದು ಹೋಗಬಹುದು. ಇದರ ಲಾಭ ತಿಳಿಯಬೇಕಾದರೆ 126ನೆಯ ಪೆನ್ಸಿಲ್ವೇನಿಯಾ ಪದಾತಿ ದಳವನ್ನು ನೋಡಬೇಕು. 1862ರ ಆಗಸ್ಟಿನಲ್ಲಿ ಒಂಬತ್ತು ತಿಂಗಳ ಅವಧಿಗೆಂದು ಸೇರಿದ ಫ್ರಾಂಕ್ಲಿನ್‌ನ ಈ ಯುವಕರು, ಅದೇ ಡಿಸೆಂಬರ್ 13ರಂದು ಫ್ರೆಡರಿಕ್ಸ್‌ಬರ್ಗಿನಲ್ಲಿ, ಕಲ್ಲಿನ ಗೋಡೆಯ ಹಿಂದೆ ಅಡಗಿದ್ದ ಶತ್ರುಗಳತ್ತ ಬಯಲಿನಲ್ಲಿ ನುಗ್ಗಬೇಕಾಯಿತು. 1863ರ ಮೇ ತಿಂಗಳಲ್ಲಿ ಚಾನ್ಸಲರ್ಸ್‌ವಿಲ್ ಕದನ ಮುಗಿಸಿ, ಅವಧಿ ತೀರಿ ಅವರು ಊರಿಗೆ ಮರಳಿದರು. ಮರುತಿಂಗಳೇ ದಕ್ಷಿಣದ ಜನರಲ್ ಲೀಯ ಸೈನ್ಯ ಅವರ ಕೌಂಟಿಯ ಚೇಂಬರ್ಸ್‌ಬರ್ಗ್ ಪಟ್ಟಣಕ್ಕೇ ಬಂದು ಬೀಡುಬಿಟ್ಟಿತು. ಯುದ್ಧಕ್ಕೆ ಹೋಗಿ ಬಂದವನ ಮನೆಬಾಗಿಲಿಗೆ ಯುದ್ಧವೇ ನಡೆದುಬಂದ ಈ ಘಟ್ಟವನ್ನು ಪತ್ರ ಮತ್ತು ಪತ್ರಿಕೆಗಳನ್ನು ಅಕ್ಕಪಕ್ಕದಲ್ಲಿಟ್ಟು ಓದುವ ಅನುಭವವನ್ನು ಪಠ್ಯಪುಸ್ತಕ ಕೊಡಲಾರದು. ಅದೇ ಊರನ್ನು 1864ರ ಜುಲೈ 30ರಂದು, ಕೇಳಿದ ಕಪ್ಪ ಸಿಗದ ಕಾರಣಕ್ಕೆ ದಕ್ಷಿಣದ ಅಶ್ವದಳ ಸುಟ್ಟುಹಾಕಿತು.

ಆಗಸ್ಟಾದ ಕಡೆ 5ನೆಯ ಮತ್ತು 52ನೆಯ ವರ್ಜೀನಿಯಾ ದಳಗಳಿವೆ. ಅಲ್ಲಿನ ಸ್ವಯಂಪ್ರೇರಿತರ ಕಥೆಯಲ್ಲಿ ಬೇರೆಯದೇ ಕಹಿಯುಂಟು: ಒಂದು ವರ್ಷಕ್ಕೆಂದು ಸಹಿ ಹಾಕಿದವರನ್ನು ದಕ್ಷಿಣದ ಸರ್ಕಾರದ 1862ರ ಏಪ್ರಿಲಿನ ಕಡ್ಡಾಯ ಸೇವಾ ಕಾಯಿದೆ ಮೂರು ವರ್ಷ ಹಿಡಿದಿಟ್ಟುಕೊಂಡಿತು. ಮನಸ್ಸಿನಿಂದ ಹೋದವನಿಗೆ ಮರಳುವ ದಾರಿ ಮುಚ್ಚಿದಾಗ ಸ್ವಯಂಪ್ರೇರಣೆ ಎಂಬುದಕ್ಕೆ ಎಷ್ಟು ಅರ್ಥ ಉಳಿಯುತ್ತದೆ ಎಂಬ ಪ್ರಶ್ನೆ ಆ ದಾಖಲೆಗಳನ್ನು ಓದುವಾಗಲೆಲ್ಲ ಏಳುತ್ತದೆ.

ನನ್ನ ಮಟ್ಟಿಗೆ ಸಂಗ್ರಹದ ಅತ್ಯುತ್ತಮ ಭಾಗವೆಂದರೆ ಫ್ರಾಂಕ್ಲಿನ್ ಕೌಂಟಿಯ ಮರ್ಸರ್ಸ್‌ಬರ್ಗಿನಿಂದ ಹೋಗಿ ಉತ್ತರದ ಸೈನ್ಯದ 54ನೆಯ ಮ್ಯಾಸಚೂಸೆಟ್ಸ್ ದಳ ಸೇರಿದ ಕಪ್ಪುಜನರ, ಡೀಮಸ್ ಮತ್ತು ಕ್ರಿಸ್ಟಿ ಕುಟುಂಬಗಳ ಪತ್ರಗಳು. 1863ರ ಜುಲೈ 18ರಂದು ದಕ್ಷಿಣದವರ ಫೋರ್ಟ್ ವ್ಯಾಗ್ನರ್ ಕೋಟೆಯ ಮೇಲೆ ನುಗ್ಗಿ ಅಪಾರ ಸಾವುನೋವು ಕಂಡ ದಳವಿದು. ಬಿಳಿಯ ಸೈನಿಕನಿಗೆ ತಿಂಗಳಿಗೆ 13 ಡಾಲರ್ ಇದ್ದಾಗ ಇವರಿಗೆ 10 ಡಾಲರ್ ನಿಗದಿಮಾಡಿ, ಅದರಲ್ಲಿಯೂ ಬಟ್ಟೆಗೆಂದು 3 ಡಾಲರ್ ಹಿಡಿಯಲಾಗುತ್ತಿತ್ತು. ಅವರು ಆ ಸಂಬಳವನ್ನೇ ಮುಟ್ಟದೆ ಕಾದಾಡಿದರು. 1864ರಲ್ಲಿ ಅಮೆರಿಕದ ಸಂಸತ್ತಾದ ಕಾಂಗ್ರೆಸ್ ಸಮಾನ ವೇತನ ಒಪ್ಪುವವರೆಗೆ ಮನೆಯ ಒಲೆ ಹೇಗೆ ಉರಿಯಬೇಕು ಎಂಬ ಚಿಂತೆ ಯಾವ ಸೈನಿಕನನ್ನು ಬಿಟ್ಟೀತು? ಸಂಪಾದಕರು ಕಾಗುಣಿತವನ್ನು ತಿದ್ದದೆ, ಬರೆದವರು ಬರೆದಂತೆಯೇ ಉಳಿಸಿದ್ದಾರೆ. ಹಳೆಯ ಇನ್‌ಲ್ಯಾಂಡ್ ಪತ್ರಗಳಲ್ಲಿ ನಮ್ಮ ಅಜ್ಜಿಯಂದಿರು ಆಡುವಂತೆಯೇ ಬರೆಯುತ್ತಿದ್ದ ಹಾಗೆ, ಇಲ್ಲಿಯೂ ಸಾಲುಗಳನ್ನು ಗಟ್ಟಿಯಾಗಿ ಓದಿದರೆ ಮಾತ್ರ ಅರ್ಥ ತೆರೆದುಕೊಳ್ಳುತ್ತದೆ. ಮೊಬೈಲಿನ ಅನುವಾದ ಸೌಲಭ್ಯವನ್ನು ನಂಬಿ ಇವುಗಳಿಗೆ ಕೈಹಾಕಬಾರದು.

ಕೊರತೆಗಳೂ ಇವೆ. ಎಲ್ಲವೂ ಇಂಗ್ಲಿಷಿನಲ್ಲಿದೆ, ಅಮೆರಿಕದ ಭೂಗೋಳ ಓದುಗನಿಗೆ ಗೊತ್ತೇ ಇದೆ ಎಂದು ಭಾವಿಸಿಕೊಂಡಿದೆ. ಪಕ್ಕದಲ್ಲೊಂದು ನಕ್ಷೆ ಇಟ್ಟುಕೊಳ್ಳದಿದ್ದರೆ ದಾರಿ ತಪ್ಪುವುದು ಖಂಡಿತ. ಇನ್ನೂ ದೊಡ್ಡ ಮೌನವೆಂದರೆ ಆಗಸ್ಟಾದ ಗುಲಾಮರದು. ಓದುಬರಹದಿಂದ ದೂರ ಇಡಲಾಗಿದ್ದ ಅವರು ಹೆಚ್ಚಾಗಿ ಒಡೆಯರ ಲೆಕ್ಕದಲ್ಲಿ ವಯಸ್ಸು ಮತ್ತು ಲಿಂಗವಾಗಿ ಕಾಣಿಸಿಕೊಳ್ಳುತ್ತಾರೆ. ಇದು ಸಂಗ್ರಹದ ತಪ್ಪಲ್ಲ, ಆದರೂ ಸೈನಿಕರ ಪತ್ರಗಳ ಆಕರ್ಷಣೆಯಲ್ಲಿ ಮರೆತುಹೋಗುವಂಥದ್ದು.

ನಮ್ಮ ಜಿಲ್ಲೆಯ ಕನ್ನಡ ಮಾಧ್ಯಮ ಶಾಲೆಗಳ ಇತಿಹಾಸ ಅಧ್ಯಾಪಕರು ಇದನ್ನು ತರಗತಿಗೆ ತರುವುದಾದರೆ, ಫ್ರೆಡರಿಕ್ಸ್‌ಬರ್ಗಿನ ಬಗ್ಗೆ ಎರಡೂ ಕಡೆಯ ಒಂದೊಂದು ಪತ್ರವನ್ನು ಆರಿಸಿ, ಅಕ್ಷಯ ಕೇಂದ್ರದಲ್ಲಿ ಮುದ್ರಿಸಿಕೊಂಡು, ಮಕ್ಕಳ ಮುಂದೆ ತಾವೇ ಕನ್ನಡದಲ್ಲಿ ಹೇಳುತ್ತ ಹೋಗುವುದು ಉತ್ತಮ. ಯುದ್ಧ ಮುಗಿದು ಎಷ್ಟೋ ವರ್ಷಗಳ ನಂತರ ಬರೆದ ನೆನಪುಗಳಿಗೂ ಸಂಗ್ರಹದಲ್ಲಿ ಪ್ರತ್ಯೇಕ ಭಾಗವಿದೆ. ಅದನ್ನು ಕೊನೆಗೆ ಇಟ್ಟುಕೊಳ್ಳಬೇಕು, ಏಕೆಂದರೆ ಅಲ್ಲಿ ಹಸಿವು, ಭೇದಿ, ಬಾರದ ಸಂಬಳಗಳಿಗಿಂತ ಶೌರ್ಯದ ಮಾತೇ ಮುಂದಾಗುತ್ತದೆ. ರಣತಂತ್ರವನ್ನೇ ಹುಡುಕಿ ಬರುವವರಿಗೆ ಈ ಸಂಗ್ರಹದಿಂದ ಹೆಚ್ಚೇನೂ ಸಿಗದು.