ಅವ್ವನ ಆಕ್ಸಿಜನ್ ಮಷೀನು: ರಾಯಚೂರಿನ ಮನೆಯಲ್ಲಿ ಮೂರು ವರ್ಷ, 17,000 ಗಂಟೆ

ಮನೆಗೆ ಬಂದವರೆಲ್ಲ ಮೊದಲು ಕೇಳುವುದು ಒಂದೇ ಮಾತು: "ಇದನ್ನ ಎಲ್ಲಿ ತುಂಬಿಸ್ತೀರಿ?" ತುಂಬಿಸುವುದು ಏನೂ ಇಲ್ಲ. ಇದು ಸಿಲಿಂಡರ್ ಅಲ್ಲ, ಕಾನ್ಸನ್‌ಟ್ರೇಟರ್. ಗಾಳಿಯಲ್ಲಿ 78 ಭಾಗ ನೈಟ್ರೋಜನ್, 21 ಭಾಗ ಆಕ್ಸಿಜನ್ ಇರುತ್ತದೆ. ಮಷೀನಿನ ಹೊಟ್ಟೆಯಲ್ಲಿ ಜಿಯೋಲೈಟ್ ಎಂಬ ಹರಳುಗಳಿವೆ. ಅವು ನೈಟ್ರೋಜನ್ ಹಿಡಿದಿಟ್ಟುಕೊಳ್ಳುತ್ತವೆ. ಪೈಪಿನಲ್ಲಿ ಬರುವ ಗಾಳಿಯಲ್ಲಿ ಶೇ. 90ರಿಂದ 95ರಷ್ಟು ಆಕ್ಸಿಜನ್ ಇರುತ್ತದೆ. ಕರೆಂಟ್ ಇರುವವರೆಗೂ ಇದು ನಡೆಯುತ್ತಲೇ ಇರುತ್ತದೆ.

ನಮ್ಮದು ನಿಮಿಷಕ್ಕೆ 5 ಲೀಟರ್‌ವರೆಗೆ ಕೊಡುವ ಮಷೀನು. ತೂಕ 15 ಕಿಲೋ, ಬೆಲೆ 46,000 ರೂಪಾಯಿ. 2022ರ ಡಿಸೆಂಬರ್‌ನಲ್ಲಿ ತಂದೆವು. ಕಂಪನಿ ಹೆಸರು ಬರೆಯುತ್ತಿಲ್ಲ. ನಾನು ಹೇಳುವುದರಲ್ಲಿ ಬಹಳಷ್ಟು ಯಾವ ಕಂಪನಿಯ ಮಷೀನಿಗೂ ಅನ್ವಯಿಸುತ್ತದೆ.

ಅವ್ವನಿಗೆ ಸಿಒಪಿಡಿ, ಅಂದರೆ ಶ್ವಾಸನಾಳ ಕಿರಿದಾಗಿ ದಮ್ಮು ಹತ್ತುವ ಎದೆಯ ರೋಗ. ಬೀಡಿ ಮುಟ್ಟಿದವಳಲ್ಲ. ನಲವತ್ತು ವರ್ಷ ಊರಲ್ಲಿ ಹತ್ತಿ ಕಟ್ಟಿಗೆ, ತೊಗರಿ ಕಟ್ಟಿಗೆ, ಕುಳ್ಳು ಹಚ್ಚಿ ರೊಟ್ಟಿ ಬಡಿದಳು. ದಮ್ಮು ಹತ್ತುತ್ತದೆ ಅಂದಾಗ ವಯಸ್ಸಾಯ್ತು ಅಂತ ನಾವೂ ಸುಮ್ನಿದ್ದೆವು. ಊದುವ ಪರೀಕ್ಷೆ ಮಾಡಿಸುವಷ್ಟರಲ್ಲಿ ಬಹಳ ತಡವಾಗಿತ್ತು. ಸುಮ್ಮನೆ ಕೂತಾಗಲೂ ಸ್ಯಾಚುರೇಶನ್, ಅಂದರೆ ರಕ್ತದಲ್ಲಿನ ಆಕ್ಸಿಜನ್ನಿನ ಶೇಕಡಾ ಲೆಕ್ಕ, 85, 86 ತೋರಿಸುತ್ತಿತ್ತು. ರಕ್ತನಾಳದಿಂದ ರಕ್ತ ತೆಗೆದು ನೋಡಿದ ಮೇಲೆ ಡಾಕ್ಟರು ಬರೆದುಕೊಟ್ಟರು: ನಿಮಿಷಕ್ಕೆ 2 ಲೀಟರ್, ದಿನಕ್ಕೆ ಕಡಿಮೆ ಎಂದರೆ 15 ಗಂಟೆ.

ಈ 15 ಗಂಟೆಯ ಲೆಕ್ಕ ಸುಮ್ಮನೆ ಹೇಳಿದ್ದಲ್ಲ. 1980 ಮತ್ತು 81ರಲ್ಲಿ ಅಮೆರಿಕ, ಬ್ರಿಟನ್‌ನ ಎರಡು ಅಧ್ಯಯನಗಳು ಪ್ರಕಟವಾದವು. ಆಕ್ಸಿಜನ್ ತುಂಬಾ ಕಡಿಮೆ ಇರುವ ಇಂಥ ರೋಗಿಗಳು ದಿನಕ್ಕೆ 15 ಗಂಟೆಗೂ ಜಾಸ್ತಿ ಆಕ್ಸಿಜನ್ ತೆಗೆದುಕೊಂಡರೆ ಹೆಚ್ಚು ಕಾಲ ಬದುಕುತ್ತಾರೆ ಅಂತ ಅವು ತೋರಿಸಿದವು. ದಮ್ಮು ಬಂದಾಗ ಹತ್ತು ನಿಮಿಷ ಹಚ್ಚಿ ತೆಗೆಯುವುದಕ್ಕೆ ಈ ಮಷೀನು ಅಲ್ಲ. ನಮಗೆ ಇದು ಅರ್ಥವಾಗಲು ಒಂದು ಕೆಟ್ಟ ರಾತ್ರಿ ಬೇಕಾಯಿತು.

ಮಷೀನು ಬಂದ ಮೂರನೇ ವಾರ. ಸ್ಯಾಚುರೇಶನ್ 91 ಇದೆ, ಆದರೂ ಬಚ್ಚಲಿಗೆ ಹೋಗಿ ಬಂದರೆ ಅವ್ವ ಮಂಚ ಹಿಡಿದು ನಿಲ್ಲುತ್ತಾಳೆ. ಇಷ್ಟು ದುಡ್ಡು ಕೊಟ್ಟೂ ದಮ್ಮು ಹೋಗಲಿಲ್ಲವಲ್ಲ ಅಂತ ನನಗೆ ಸಂಕಟ. ರಾತ್ರಿ ನಾನೇ ಗುಂಡಿ ತಿರುಗಿಸಿ 4 ಲೀಟರ್ ಮಾಡಿದೆ. ಸ್ಯಾಚುರೇಶನ್ 98ಕ್ಕೆ ಏರಿತು. ನೆಮ್ಮದಿಯಿಂದ ಮಲಗಿದೆ. ಬೆಳಿಗ್ಗೆ ಎಬ್ಬಿಸಿದರೆ ಅವ್ವ ಕಣ್ಣೇ ಬಿಡಲಿಲ್ಲ. ತಲೆನೋವು ಅಂತ ತೊದಲಿ ಮತ್ತೆ ಮಂಪರಿಗೆ ಹೋದಳು. ಆಸ್ಪತ್ರೆಗೆ ಓಡಿದೆವು. ಇಂಥ ಶ್ವಾಸಕೋಶಕ್ಕೆ ಆಕ್ಸಿಜನ್ ಜಾಸ್ತಿಯಾದರೆ ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಏರುತ್ತದೆ. ಮಂಪರು ಬರುವುದು ಅದರಿಂದಲೇ. 88ರಿಂದ 92ರ ನಡುವೆ ಇದ್ದರೆ ಸಾಕು, 98 ಬೇಡ ಅಂತ ಅಲ್ಲಿ ಹೇಳಿದರು. ಎರಡು ದಿನಕ್ಕೆ ಚೇತರಿಸಿಕೊಂಡಳು. ಆ ಬೆಳಗ್ಗೆ ನೆನೆದರೆ ಈಗಲೂ ಕೈ ತಣ್ಣಗಾಗುತ್ತದೆ. ದಯವಿಟ್ಟು ಡಾಕ್ಟರನ್ನು ಕೇಳದೆ ಆ ಗುಂಡಿ ಮುಟ್ಟಬೇಡಿ.

ಹಾಗಾದರೆ ದಮ್ಮಿಗೆ ಏನು? ನಮ್ಮ ಮನೆಯಲ್ಲಿ ಕೆಲಸ ಮಾಡಿದ್ದು ಬೇರೆ ಸಂಗತಿಗಳು. ಸ್ಪೇಸರ್ (ಬಾಯಿಗೂ ಪಂಪಿಗೂ ನಡುವೆ ಹಿಡಿಯುವ ಕೊಳವೆಯಂಥ ಡಬ್ಬಿ) ಹಾಕಿಕೊಂಡು ಇನ್‌ಹೇಲರ್. ಒಂದೊಂದೇ ಪಫ್, ನಿಧಾನ ಉಸಿರು, ಹತ್ತು ಎಣಿಸುವವರೆಗೆ ಹಿಡಿಯುವುದು, ಆಮೇಲೆ ಬಾಯಿ ಮುಕ್ಕಳಿಸುವುದು. ವರ್ಷಕ್ಕೊಮ್ಮೆ ಫ್ಲೂ ಲಸಿಕೆ. ದಮ್ಮು ಹತ್ತಿದಾಗ ಮುಖಕ್ಕೆ ಬೀಸಣಿಗೆ. ಇದು ಅಜ್ಜಿ ಕಾಲದ ಉಪಾಯ ಅಂದುಕೊಂಡಿದ್ದೆ. ಆದರೆ ಮುಖಕ್ಕೆ ತಂಪು ಗಾಳಿ ತಾಗಿದರೆ ದಮ್ಮಿನ ಕಷ್ಟ ಕಡಿಮೆ ಅನಿಸುತ್ತದೆ ಅಂತ ಡಾಕ್ಟರೇ ಹೇಳಿದರು.

ಇನ್ನೊಂದು ಉಸಿರಾಟದ ಅಭ್ಯಾಸ. ಮೂಗಿನಿಂದ ಎರಡು ಎಣಿಸುತ್ತ ಒಳಗೆ, ತುಟಿ ಕಿರಿದು ಮಾಡಿ ನಾಲ್ಕು ಎಣಿಸುತ್ತ ಹೊರಗೆ. ಫಿಸಿಯೋಥೆರಪಿ ಹುಡುಗಿ ಇದನ್ನು ತೋರಿಸಿದಾಗ ಅವ್ವ ಕೇಳಿದಳು, "ಊದುಗೊಳವಿ ಊದಿದಂಗೇನು?" ಹೌದು, ಹಾಗೇ. ಯಾವ ಒಲೆ ಊದಿ ಊದಿ ಎದೆ ಕೆಟ್ಟಿತೋ, ಅದೇ ಊದು ಈಗ ಬಚ್ಚಲಿನಿಂದ ಮಂಚದವರೆಗೆ ಅವಳನ್ನು ಕರೆತರುತ್ತದೆ.

ಈಗ ಮಷೀನಿನ ಕಷ್ಟಗಳಿಗೆ ಬರುತ್ತೇನೆ. ರಾಯಚೂರಿನಂಥ ಊರಿಗೆ ಮಷೀನು ಮಾರುವವರು ಯಾರೂ ಇವನ್ನು ಬಿಡಿಸಿ ಹೇಳುವುದಿಲ್ಲ.

ಮೊದಲನೆಯದು ಬಿಸಿಲು. ನಮ್ಮ ಮಷೀನಿನ ಪುಸ್ತಕದಲ್ಲಿ 40 ಡಿಗ್ರಿವರೆಗೆ ಬಳಸಬಹುದು ಅಂತಿದೆ. ಮೇ ತಿಂಗಳಲ್ಲಿ ನಮ್ಮೂರು 40 ದಾಟುವುದು ಹೊಸದೇನಲ್ಲ. ಮೊದಲ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ಅಲಾರಂ ಹೊಡೆದು ನಿಂತೇಬಿಟ್ಟಿತು. ಪಡುವಣ ಗೋಡೆಗೆ ತಾಗಿಸಿ ಇಟ್ಟಿದ್ದೇ ತಪ್ಪು. ಈಗ ನಡುಮನೆಯಲ್ಲಿ, ಗೋಡೆಯಿಂದ ಒಂದೂವರೆ ಅಡಿ ದೂರದಲ್ಲಿದೆ. ಕೂಲರ್ ಮುಂದೆ ಇಡಬೇಡಿ. ತೇವ ಹೊಕ್ಕರೆ ಜಿಯೋಲೈಟ್ ಕೆಡುತ್ತದೆ.

ಎರಡನೆಯದು ಧೂಳು. ಹತ್ತಿ ಬಿಡಿಸುವ ಕಾಲದಲ್ಲಿ ಹಿಂದಿನ ಸ್ಪಂಜಿನ ಫಿಲ್ಟರ್ ವಾರದೊಳಗೆ ಬೂದು ಬಣ್ಣಕ್ಕೆ ತಿರುಗುತ್ತದೆ. ಪ್ರತಿ ಭಾನುವಾರ ಸೋಪಿನ ನೀರಲ್ಲಿ ತೊಳೆದು, ಪೂರ್ತಿ ಒಣಗಿಸಿ ಹಾಕುತ್ತೇನೆ. ಎರಡು ಫಿಲ್ಟರ್ ಇಟ್ಟುಕೊಂಡರೆ ಸಲೀಸು. ಆಕ್ಸಿಜನ್ನಿಗೆ ತೇವ ಕೊಡುವ ನೀರಿನ ಬಾಟಲಿಗೆ ಡಿಸ್ಟಿಲ್ಡ್ ವಾಟರ್ ಮಾತ್ರ. ಒಮ್ಮೆ ಬೋರಿನ ನೀರು ಹಾಕಿದ್ದಕ್ಕೆ ಹತ್ತೇ ದಿನಕ್ಕೆ ಬಾಟಲಿ ಒಳಗೆಲ್ಲ ಬಿಳಿ ಉಪ್ಪು ಕಟ್ಟಿತು.

ಕರೆಂಟಿನ ಲೆಕ್ಕ ಹೀಗಿದೆ: 350 ವ್ಯಾಟ್, ದಿನಕ್ಕೆ 16 ಗಂಟೆ, ತಿಂಗಳಿಗೆ ಸುಮಾರು 168 ಯೂನಿಟ್. ಮನೆಯ ಬಳಕೆ ಸೇರಿ 240 ಆಗುತ್ತದೆ. ಗೃಹಜ್ಯೋತಿಯಲ್ಲಿ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ನಾವೇ ಕಟ್ಟಬೇಕು. ಉಸಿರಾಡುವ ಮಷೀನಿಗೆ ಒಂದು ವಿನಾಯಿತಿ ಬೇಕೇ ಬೇಕು ಅಂತ ನನಗನಿಸುತ್ತದೆ. ಸ್ಟೆಬಿಲೈಸರ್ ಇಲ್ಲದೆ ಹಚ್ಚಬೇಡಿ. ನಮ್ಮ 150 ಎಎಚ್ ಇನ್ವರ್ಟರ್ ಇದೊಂದನ್ನೇ ಮೂರು ಗಂಟೆ ಎಳೆಯುತ್ತದೆ, ಅಷ್ಟೇ. ಅದಕ್ಕೇ ಮಂಚದ ಪಕ್ಕ ಒಂದು ಬಿ ಟೈಪ್ ಸಿಲಿಂಡರ್ ಸದಾ ಇರುತ್ತದೆ. ಅದರಲ್ಲಿ 1,500 ಲೀಟರ್ ಇರುತ್ತದೆ. 2 ಲೀಟರಿನಂತೆ ಬಿಟ್ಟರೆ ಹನ್ನೆರಡೂವರೆ ಗಂಟೆ ಬರುತ್ತದೆ.

ಅವ್ವನಿಗೆ ಜಾಸ್ತಿ ನೋವು ಕೊಟ್ಟಿದ್ದು ದೇವರ ದೀಪದ ವಿಷಯ. ಆಕ್ಸಿಜನ್ ಇರುವಲ್ಲಿ ಬೆಂಕಿ ಭಗ್ಗನೆ ಹತ್ತಿಕೊಳ್ಳುತ್ತದೆ. ಪೈಪ್ ತೆಗೆದ ಮೇಲೂ ಸೀರೆಯಲ್ಲಿ ಸ್ವಲ್ಪ ಹೊತ್ತು ಆಕ್ಸಿಜನ್ ನಿಂತಿರುತ್ತದೆ. ಊದುಬತ್ತಿಯ ಹೊಗೆ ಎದೆಗೆ ಬೇರೆ ಕೆಟ್ಟದ್ದು. ಈಗ ದೇವರ ಜಗಲಿಯ ದೀಪ ನಾನು ಹಚ್ಚುತ್ತೇನೆ. ಅವಳು 7 ಮೀಟರ್ ಪೈಪಿನ ಈಚೆ ತುದಿಯಲ್ಲಿ ಕೂತು ಕೈ ಮುಗಿಯುತ್ತಾಳೆ. ಮೂಗು ಒಣಗಿ ಉರಿಯುತ್ತದೆ ಅಂತ ಕೊಬ್ಬರಿ ಎಣ್ಣೆ ಹಚ್ಚಿಕೊಳ್ಳುತ್ತಿದ್ದಳು. ಅದೂ ಬೇಡ, ವ್ಯಾಸಲೀನೂ ಬೇಡ. ನೀರಿನಿಂದ ಮಾಡಿದ ಜೆಲ್ ಸಿಗುತ್ತದೆ, ಅದನ್ನೇ ತನ್ನಿ.

ಎರಡೂವರೆ ವರ್ಷಕ್ಕೆ ಹಳದಿ ದೀಪ ಹತ್ತಿತು. ಶುದ್ಧತೆ ಕಡಿಮೆಯಾಗಿದೆ ಅಂತ ಅರ್ಥ. ಸರ್ವಿಸ್ ಹುಡುಗ ಬರಲು ಹನ್ನೊಂದು ದಿನ ತೆಗೆದುಕೊಂಡ. ಆ ಹನ್ನೊಂದು ದಿನ ಎರಡು ಸಿಲಿಂಡರ್ ಹೊತ್ತು ತಿರುಗಿದ್ದು ನಾನು. ಮಷೀನಿಗೆ ಐದರಲ್ಲಿ ನಾಲ್ಕು ಅಂಕ ಕೊಡುತ್ತೇನೆ, ಸರ್ವಿಸಿಗೆ ಒಂದು. ನಿಮ್ಮ ಊರಿಗೆ ಎಷ್ಟು ದಿನದಲ್ಲಿ ಬರುತ್ತಾರೆ ಅಂತ ಬರವಣಿಗೆಯಲ್ಲಿ ತೆಗೆದುಕೊಂಡೇ ದುಡ್ಡು ಕೊಡಿ. ಸಾಧ್ಯವಾದರೆ ಮೊದಲ ತಿಂಗಳು ಬಾಡಿಗೆಗೆ ತಂದು ನೋಡಿ.

ಆ ದಿನಗಳಲ್ಲೇ ಸೆಕೆಂಡ್ ಹ್ಯಾಂಡ್ ಮಷೀನು ನೋಡಲು ಹೋಗಿದ್ದೆ. 2021ರ ಎರಡನೇ ಅಲೆಯಲ್ಲಿ ಕೊಂಡು, ಆಮೇಲೆ ಮೂಲೆಗೆ ಸೇರಿದ್ದು. ಮೀಟರಿನಲ್ಲಿ ಬರೀ 400 ಗಂಟೆ, ಬೆಲೆ 15,000. ಮೈಮೇಲೆ ಒಂದು ಗೀರೂ ಇರಲಿಲ್ಲ. ಆದರೆ ವರ್ಷಗಟ್ಟಲೆ ನಿಂತ ಮಷೀನಿನ ಹರಳು ತೇವ ಹೀರಿ ಸಾಯುತ್ತದೆ ಅಂತ ಕೇಳಿದ್ದೆ. ಪರಿಚಯದ ಮೆಡಿಕಲ್ ಅಂಗಡಿಯವರ ಹತ್ತಿರ ಆಕ್ಸಿಜನ್ ಶುದ್ಧತೆ ಅಳೆಯುವ ಅನಲೈಸರ್ ತಂದು ಹಿಡಿದೆ. 2 ಲೀಟರಿಗೆ ಶೇ. 71 ಬಂತು. ಅಲ್ಲೇ ಬಿಟ್ಟು ಬಂದೆ.