ಗ್ರಾನ್ ಟುರಿಸ್ಮೊ 7: ಒಬ್ಬರೇ ಆಡುವುದಕ್ಕೂ ಸರ್ವರ್ ಅಪ್ಪಣೆ ಏಕೆ?

ಗ್ರಾನ್ ಟುರಿಸ್ಮೊ 7 ಆಟವನ್ನು ಪ್ಲೇಸ್ಟೇಷನ್ 5ರಲ್ಲಿ ಕೆಲವು ವರ್ಷಗಳಿಂದ ಆಡುತ್ತಿದ್ದೇನೆ. ಕಾರು ಓಡಿಸುವ ಅನುಭವದ ಮಟ್ಟಿಗೆ ಇದನ್ನು ಮೀರಿಸುವ ಆಟ ನನ್ನ ಬಳಿ ಇಲ್ಲ. ಮಳೆ ನಿಂತ ಮೇಲೆ ಕಾರುಗಳು ಹೆಚ್ಚು ಓಡಾಡಿದ ಜಾಡು ಮೊದಲು ಒಣಗುತ್ತದೆ. ಆ ಜಾಡಿನಿಂದ ಸ್ವಲ್ಪ ಆಚೆ ಹೋದರೂ ಟೈರಿನ ಹಿಡಿತ ತಪ್ಪುವುದು ಕಂಟ್ರೋಲರ್ ಹಿಡಿದ ಕೈಗೆ ಗೊತ್ತಾಗುತ್ತದೆ. ನನ್ನ ತಕರಾರು ಈ ಆಟಕ್ಕೆ ಹಾಕಿರುವ ಆನ್‌ಲೈನ್ ಬೀಗದ ಬಗ್ಗೆ.

ಎದುರಾಳಿಗಳೆಲ್ಲ ಕಂಪ್ಯೂಟರ್ ಚಾಲಕರೇ ಆಗಿರುವ, ಒಬ್ಬರೇ ಕುಳಿತು ಆಡುವ ಮುಖ್ಯ ಆಟಕ್ಕೂ ಇಂಟರ್ನೆಟ್ ಸಂಪರ್ಕ ಕಡ್ಡಾಯ. ಸಂಪರ್ಕ ಇಲ್ಲದಾಗ ಮ್ಯೂಸಿಕ್ ರ‍್ಯಾಲಿಯಂಥ ಕೆಲವೇ ವಿಭಾಗಗಳು ತೆರೆದಿರುತ್ತವೆ. ಆಟಗಾರರ ಗಳಿಕೆ, ಪ್ರಗತಿಯೆಲ್ಲ ದಾಖಲಾಗುವ ಸೇವ್ ಫೈಲನ್ನು ಯಾರೂ ತಿದ್ದದಿರಲಿ ಎಂಬುದಕ್ಕಾಗಿಯೇ ಈ ವ್ಯವಸ್ಥೆ ಎಂದು ಆಟದ ಸೃಷ್ಟಿಕರ್ತ ಕಝುನೊರಿ ಯಮೌಚಿ ಬಿಡುಗಡೆಗೆ ಮೊದಲೇ ಹೇಳಿದ್ದರು. ಒಬ್ಬರೇ ಆಡುವಾಗ ಸೇವ್ ಫೈಲ್ ತಿದ್ದಿಕೊಂಡರೆ ಬೇರೆಯವರಿಗೆ ನಷ್ಟವೇನು? ಪಿಎಸ್ 5 ಡಿಸ್ಕನ್ನು ನಕಲು ಮಾಡಿ ಆಡುವುದು ಸಾಮಾನ್ಯ ಬಳಕೆದಾರರಿಗೆ ಆಗುವ ಕೆಲಸವಲ್ಲವಾದ್ದರಿಂದ ಕಳ್ಳಪ್ರತಿಯ ಭಯವೂ ಇಲ್ಲಿ ಕಾರಣವಾಗಲಾರದು. ಆಟದೊಳಗೆ ಕಾರು ಕೊಳ್ಳಲು ಬಳಸುವ ಕ್ರೆಡಿಟ್‌ಗಳು ನಿಜವಾದ ಹಣಕ್ಕೆ ಮಾರಾಟಕ್ಕಿವೆ. ಲೆಕ್ಕದ ಪುಸ್ತಕ ಆಟಗಾರರ ಮನೆಯಲ್ಲೇ ಇದ್ದರೆ ಅವುಗಳನ್ನು ದುಡ್ಡು ಕೊಟ್ಟು ಕೊಳ್ಳುವವರು ಕಡಿಮೆಯಾಗುತ್ತಾರೆ. ನನ್ನ ದೃಷ್ಟಿಯಲ್ಲಿ ಈ ಬೀಗ ಕಾಯುತ್ತಿರುವುದು ಗಲ್ಲಾಪೆಟ್ಟಿಗೆಯನ್ನು.

ಲೆಕ್ಕ ಹಾಕಿ ನೋಡಿ. ಅಮೆರಿಕದಲ್ಲಿ 20 ಲಕ್ಷ ಕ್ರೆಡಿಟ್‌ಗಳ ಪ್ಯಾಕ್ ಬೆಲೆ 19.99 ಡಾಲರ್. ಹೆಸರಾಂತ ಹಳೆಯ ಕಾರುಗಳನ್ನು ಮಾರುವ, ಆಟದೊಳಗಿನ ಲೆಜೆಂಡ್ ಕಾರುಗಳ ಮಳಿಗೆಯಲ್ಲಿ 2 ಕೋಟಿ ಕ್ರೆಡಿಟ್ ಬೆಲೆಯ ಕಾರುಗಳೂ ಬರುತ್ತವೆ, ಅಂದರೆ ಒಂದು ಕಾರಿಗೆ ಸುಮಾರು 200 ಡಾಲರ್. ದುಡ್ಡು ಕೊಡದೆ ಗಳಿಸುತ್ತೇನೆಂದರೆ, ಆಟಗಾರರೆಲ್ಲ ಮೊರೆಹೋಗುವ ಸಾರ್ಡೀನಿಯ ರೇಸನ್ನು ಡಿಕ್ಕಿ ಹೊಡೆಯದೆ ಮುಗಿಸಿದಾಗ 7 ಲಕ್ಷಕ್ಕಿಂತ ಸ್ವಲ್ಪ ಹೆಚ್ಚು ಸಿಗುತ್ತದೆ. ಒಂದೊಂದಕ್ಕೂ ಅರ್ಧ ಗಂಟೆ ಹಿಡಿಯುವ ಅದೇ ರೇಸನ್ನು 27-28 ಸಲ ಓಡಿಸಬೇಕು. ಅಷ್ಟರೊಳಗೆ ಮಳಿಗೆಯಲ್ಲಿ ಆ ಕಾರಿನ ಮೇಲೆ ‘ಮಾರಾಟವಾಗಿದೆ’ ಎಂಬ ಫಲಕ ಬಿದ್ದಿರಲೂಬಹುದು. ದಿನಕ್ಕೆ 42 ಕಿಲೋಮೀಟರ್ ಓಡಿಸಿದರೆ ಬಹುಮಾನದ ಚಕ್ರ ತಿರುಗಿಸಲು ಚೀಟಿಯೊಂದು ಸಿಗುವುದೂ ಉಂಟು. ಚಕ್ರ ಅತಿ ಚಿಕ್ಕ ಮೊತ್ತದ ಮೇಲೆ ನಿಲ್ಲುವುದು ಆಟಗಾರರ ನಡುವೆ ಹಳೆಯ ಜೋಕು.

ಈ ಅವಲಂಬನೆಯ ಬೆಲೆ ಏನೆಂಬುದು ಬೇಗನೆ ಬಯಲಾಯಿತು. ಆಟ ಬಿಡುಗಡೆಯಾದದ್ದು 2022ರ ಮಾರ್ಚ್ 4ರಂದು. ಅದೇ ತಿಂಗಳ 17ರಂದು ನಿರ್ವಹಣೆಗೆಂದು ನಿಲ್ಲಿಸಿದ ಸರ್ವರ್‌ಗಳು 30 ಗಂಟೆಗೂ ಹೆಚ್ಚು ಕಾಲ ಮರಳಿ ಬರಲಿಲ್ಲ. ಮರಳಿದಾಗ ಹಲವು ರೇಸುಗಳ ಬಹುಮಾನವೇ ಇಳಿದಿತ್ತು. ಯಮೌಚಿ ಕ್ಷಮೆ ಕೇಳಿದರು, 10 ಲಕ್ಷ ಕ್ರೆಡಿಟ್ ಪರಿಹಾರವಾಗಿ ಬಂತು, ಏಪ್ರಿಲ್‌ನಲ್ಲಿ ಬಹುಮಾನಗಳು ಏರಿದವು. ಇದ್ದ ಕಾರನ್ನು ಮಾರಿ ಕ್ರೆಡಿಟ್ ಪಡೆಯುವ ಸೌಲಭ್ಯಕ್ಕೆ ಮಾತ್ರ ನವೆಂಬರ್‌ವರೆಗೆ ಕಾಯಬೇಕಾಯಿತು.

ಇನ್ನು, ಸರ್ವರ್ ಶಾಶ್ವತವಾಗಿ ನಿಂತರೆ ಏನಾಗುತ್ತದೆ? ಯೂಬಿಸಾಫ್ಟ್ ಕಂಪನಿ ತನ್ನ ‘ದಿ ಕ್ರ್ಯೂ’ ಆಟದ ಸರ್ವರ್‌ಗಳನ್ನು 2024ರ ಮಾರ್ಚ್ 31ರಂದು ಮುಚ್ಚಿದಾಗ, ಒಬ್ಬರೇ ಆಡಬಹುದಾದ ಭಾಗವೂ ಅದರೊಂದಿಗೇ ಹೋಯಿತು. ದುಡ್ಡು ಕೊಟ್ಟವರ ಕೈಯಲ್ಲಿ ಉಳಿದದ್ದು ಕೆಲಸಕ್ಕೆ ಬಾರದ ಡಿಸ್ಕ್. ಅದಕ್ಕೆ ಎರಡು ತಿಂಗಳ ಮುಂಚೆ ಸರ್ವರ್ ನಿಂತ, ಇದೇ ಸರಣಿಯ ಹಿಂದಿನ ಆಟವಾದ ಗ್ರಾನ್ ಟುರಿಸ್ಮೊ ಸ್ಪೋರ್ಟ್‌ಗೆ ಈ ಗತಿ ಬರಲಿಲ್ಲ. ಮುಚ್ಚುವ ಮುನ್ನ ಬಂದ ಅಪ್‌ಡೇಟ್‌ನಿಂದಾಗಿ ಅದನ್ನು ಈಗಲೂ ಆಫ್‌ಲೈನ್ ಆಡಬಹುದು. ಹಾಗಾದರೆ ಆಟದೊಳಗಿನ ಮಾರಾಟ ನಿಂತ ಕೂಡಲೇ ಬೀಗದ ಅಗತ್ಯವೂ ನಿಂತಿತೆಂದಾಯಿತು.

ಆಟಕ್ಕೆ ಐದರಲ್ಲಿ ನಾಲ್ಕೂವರೆ, ಬೀಗಕ್ಕೆ ಒಂದು. ಕೊಳ್ಳುವವರು ಡಿಸ್ಕ್ ಪ್ರತಿಯನ್ನೇ, ಅದೂ ರಿಯಾಯಿತಿ ಇರುವಾಗ ಕೊಳ್ಳಲಿ. ಬೇಡವೆನಿಸಿದಾಗ ಮಾರುವ ದಾರಿ ಅದಕ್ಕಿದೆ, ಡಿಜಿಟಲ್ ಪ್ರತಿಗೆ ಇಲ್ಲ. ಕ್ರೆಡಿಟ್ ಪ್ಯಾಕ್‌ಗೆ ನಾನು ಇದುವರೆಗೆ ಒಂದು ರೂಪಾಯಿಯನ್ನೂ ಕೊಟ್ಟಿಲ್ಲ, ಕೊಡುವ ಯೋಚನೆಯೂ ಇಲ್ಲ.