.315 ರೈಫಲ್: ಬಿಗಿ ಬೋಲ್ಟ್ ಹದಕ್ಕೆ ಬಂದದ್ದು ಹೇಗೆ

ಹೊಸ .315 ರೈಫಲ್ ತಂದವರು ಮೊದಲು ಹೇಳುವುದು ಒಂದೇ ಮಾತು: ಬೋಲ್ಟ್ ಬಿಗಿ. ತೋಟೆಯನ್ನು ನಳಿಗೆಯೊಳಗೆ ತಳ್ಳಿ ಹಿಂಬದಿಯನ್ನು ಮುಚ್ಚುವ ಉಕ್ಕಿನ ದಂಡವೇ ಬೋಲ್ಟ್. ಹಿಂದಕ್ಕೆ ಎಳೆದರೆ ಕರಕರ ಎನ್ನುತ್ತದೆ, ಮುಂದಕ್ಕೆ ತಳ್ಳಿದರೆ ಕೊನೆಗೆ ಬಂದು ತಡೆಯುತ್ತದೆ. ತೀರ್ಥಹಳ್ಳಿ ಕಡೆಯ ನಮ್ಮ ಒಂಟಿ ಮನೆಗೆ ಆತ್ಮರಕ್ಷಣೆಯ ಪರವಾನಗಿಯ ಮೇಲೆ ತಂದ ನನ್ನ ರೈಫಲ್ಲೂ ಹಾಗೆಯೇ ಇತ್ತು. ಹಲವು ಮಳೆಗಾಲ ದಾಟಿದ ಮೇಲೆ ಈಗ ಅದು ಸರಾಗವಾಗಿ ಓಡುತ್ತದೆ. ಅದಕ್ಕೆ ಅರದಿಂದ ಉಜ್ಜುವ ಅಗತ್ಯ ಎಲ್ಲಿಯೂ ಬರಲಿಲ್ಲ.

ಬಿಗಿಯೆಲ್ಲ ದೋಷವಲ್ಲ ಎಂಬುದನ್ನು ಮೊದಲು ತಿಳಿಯಬೇಕು. ಇದರ ಯಂತ್ರ ಲೀ-ಎನ್‌ಫೀಲ್ಡ್ ಮಾದರಿಯದು, 1895ರಲ್ಲಿ ಬ್ರಿಟಿಷ್ ಸೇನೆ ಸೇರಿದ ರೈಫಲ್ಲಿನ ವಂಶ. ಸೇನೆಯ .303 ನಮ್ಮಲ್ಲಿ ಸಾರ್ವಜನಿಕರಿಗೆ ನಿಷಿದ್ಧ ಬೋರ್ (ನಳಿಗೆಯ ಒಳ ಅಳತೆ), .315ಕ್ಕೆ ಆ ನಿಷೇಧವಿಲ್ಲ. ಈ ಯಂತ್ರದಲ್ಲಿ ಹೊಡೆಪಿನ್ನಿನ ಸ್ಪ್ರಿಂಗ್ ಒತ್ತಿಕೊಳ್ಳುವುದು ಬೋಲ್ಟನ್ನು ಮುಂದಕ್ಕೆ ತಳ್ಳಿ ಮುಚ್ಚುವಾಗ. ಮೌಸರ್ ಮಾದರಿಯ ಹೆಚ್ಚಿನ ರೈಫಲ್‌ಗಳಲ್ಲಿ ಅದು ಬೋಲ್ಟಿನ ಹಿಡಿಯನ್ನು ಮೇಲೆತ್ತುವಾಗ ಆಗುತ್ತದೆ. ಹಾಗಾಗಿ ಮುಚ್ಚುವಾಗ ಕೊನೆಯಲ್ಲಿ ಸಿಗುವ ತಡೆ ಸ್ಪ್ರಿಂಗಿನದು. ಅದನ್ನು ಇಳಿಸಲು ಸ್ಪ್ರಿಂಗ್ ಕತ್ತರಿಸಿದರೆ ತೋಟೆ ಸಿಡಿಯದೇ ಹೋಗಬಹುದು. ಅಂಗೈಯಿಂದ ಒಂದೇ ಓಟದಲ್ಲಿ ತಳ್ಳುವುದನ್ನು ಕಲಿತರೆ ಆ ತಡೆ ಗಮನಕ್ಕೂ ಬರುವುದಿಲ್ಲ.

ಕರಕರ ಎನ್ನುವುದು ಬೇರೆ ಸಂಗತಿ. ಅದರಲ್ಲಿ ಅರ್ಧ ಪಾಲು ಕಾರ್ಖಾನೆಯಲ್ಲಿ ತುಕ್ಕು ಹಿಡಿಯದಂತೆ ಬಳಿದ ಗ್ರೀಸಿನದು. ರೈಫಲ್ ಖಾಲಿ ಇದೆಯೆಂದು ಕಣ್ಣಿನಿಂದಲೂ ಬೆರಳಿನಿಂದಲೂ ಖಚಿತಪಡಿಸಿಕೊಂಡು ಬೋಲ್ಟನ್ನು ಹೊರತೆಗೆದು, ಸೀಮೆಎಣ್ಣೆಯಲ್ಲಿ ಹಳೆಯ ಟೂತ್‌ಬ್ರಷ್‌ನಿಂದ ತೊಳೆದು, ರಿಸೀವರಿನ (ಬೋಲ್ಟ್ ಓಡಾಡುವ ಚೌಕಟ್ಟಿನ) ಒಳಗಾಲುವೆಗಳನ್ನೂ ಬಟ್ಟೆಯಿಂದ ಒರೆಸಿದರೆ ಆ ದಿನವೇ ವ್ಯತ್ಯಾಸ ಗೊತ್ತಾಗುತ್ತದೆ. ಉಳಿದರ್ಧ ಯಂತ್ರದಲ್ಲಿ ಕಡೆಯುವಾಗ ಲೋಹದ ಮೇಲೆ ಉಳಿದ ಗೆರೆಗಳದು. ಅವು ಎಲ್ಲಿ ತಾಗುತ್ತಿವೆ ಎಂದು ನೋಡಲು ಬೋಲ್ಟಿನ ಮೈಗೆ ಮಾರ್ಕರ್ ಪೆನ್ನಿನ ಮಸಿ ಬಳಿದು ಹಿಂದೆ ಮುಂದೆ ಆಡಿಸಬೇಕು. ಮಸಿ ಉಜ್ಜಿಹೋದ ಜಾಗವೇ ತಾಗುವ ಜಾಗ. ಅಷ್ಟಕ್ಕೆ ಮಾತ್ರ, ಹಿತ್ತಾಳೆ ಪಾತ್ರೆ ಹೊಳಪಿಸುವ ಪೇಸ್ಟನ್ನು ಬಟ್ಟೆಗೆ ಹಚ್ಚಿ ಕೈಯಿಂದ ತಿಕ್ಕಿದರೆ ಸಾಕು. ಬಳಿಕ ಪೇಸ್ಟಿನ ಕಣವೂ ಉಳಿಯದಂತೆ ತೊಳೆಯಬೇಕು, ಉಳಿದರೆ ಅದು ತನ್ನ ಪಾಡಿಗೆ ಲೋಹವನ್ನು ಸವೆಸುತ್ತಲೇ ಇರುತ್ತದೆ. ಮಿಕ್ಕ ಕೆಲಸ ಮದ್ದಿಲ್ಲದ ಡಮ್ಮಿ ತೋಟೆ ಹಾಕಿ ಸಂಜೆ ಹೊತ್ತು ಬೋಲ್ಟ್ ಆಡಿಸುವುದು. ನಿಜವಾದ ನಯ ಬರುವುದು ಹಾಗೆಯೇ, ನಿಧಾನವಾಗಿ.

ಎರಡು ಕಡೆ ಕೈ ಹಾಕಲೇಬಾರದು. ಗುಂಡು ಹಾರುವಾಗ ಬೋಲ್ಟನ್ನು ತಡೆದು ನಿಲ್ಲಿಸುವ ಹಿಂಬದಿಯ ಲಗ್‌ಗಳು (ಬೋಲ್ಟಿನ ಮೈಯ ಉಬ್ಬುಗಳು) ಒಂದು, ಹೊಡೆಪಿನ್ನನ್ನು ಹಿಡಿದಿಟ್ಟು ಟ್ರಿಗರ್ ಎಳೆದಾಗ ಬಿಡುವ ಸಿಯರ್ ಇನ್ನೊಂದು. ಲಗ್ ಸವೆದರೆ ತೋಟೆಯ ಹಿಂದಿನ ಅಂತರ ಹೆಚ್ಚಿ ತೋಟೆಯೇ ಒಡೆಯಬಹುದು. ಸಿಯರ್ ಸವೆದರೆ ಬೋಲ್ಟ್ ಮುಚ್ಚಿದೊಡನೆ ಗುಂಡು ಹಾರಿಬಿಡಬಹುದು. ಅಲ್ಲಿ ದೊರಗು ಕಂಡರೆ ಪರವಾನಗಿ ಇರುವ ಕೋವಿ ರಿಪೇರಿಯವರ ಬಳಿಗೇ ಒಯ್ಯಿರಿ. ಪಕ್ಕದ ಮನೆಯವರ ರೈಫಲ್ಲಿನ ಬೋಲ್ಟ್ ನಯವಾಗಿದೆಯೆಂದು ಅದನ್ನು ನಿಮ್ಮದಕ್ಕೆ ಹಾಕಿ ನೋಡುವುದೂ ಬೇಡ, ಪ್ರತಿ ಬೋಲ್ಟನ್ನೂ ಅದರದರ ರಿಸೀವರಿಗೇ ಹೊಂದಿಸಿರುತ್ತಾರೆ.

ಬೋಲ್ಟ್ ಸಿಕ್ಕಿಕೊಳ್ಳುತ್ತದೆ ಎನ್ನುವ ಎಷ್ಟೋ ದೂರುಗಳ ಮೂಲ ತೋಟೆ ತುಂಬುವ ಮ್ಯಾಗಜೀನಿನಲ್ಲಿದೆ. ಈ ತೋಟೆಯ ಬುಡಕ್ಕೆ ಅಂಚು ಇದೆ. ಮೇಲಿನ ತೋಟೆಯ ಅಂಚು ಕೆಳಗಿನದರ ಅಂಚಿಗಿಂತ ಮುಂದಿರುವಂತೆ ಐದನ್ನೂ ತುಂಬಬೇಕು. ಹಿಂದುಮುಂದಾದರೆ ಒಂದಕ್ಕೊಂದು ತೊಡರಿಕೊಳ್ಳುತ್ತವೆ, ಆಗ ಎಷ್ಟು ಹೊಳಪು ಕೊಟ್ಟ ಬೋಲ್ಟೂ ಮುಂದಕ್ಕೆ ಹೋಗದು.

ಮಲೆನಾಡಿನಲ್ಲಿ ನಯ ತರುವುದಕ್ಕಿಂತ ಅದನ್ನು ಉಳಿಸಿಕೊಳ್ಳುವುದು ಕಷ್ಟ. ಬೋಲ್ಟಿಗೆ ನಳಿಗೆಯಂತೆ ಕಪ್ಪು ಲೇಪ ಇಲ್ಲ, ಆಷಾಢದ ತೇವಕ್ಕೆ ಒಂದು ರಾತ್ರಿಯಲ್ಲೇ ಕೆಂಪು ಚುಕ್ಕೆ ಏಳುತ್ತದೆ. ಚರ್ಮದ ಚೀಲದಲ್ಲಿಟ್ಟರಂತೂ ಚೀಲವೇ ನೀರು ಹೀರಿಕೊಂಡು ಕೂರುತ್ತದೆ. ನಮ್ಮಲ್ಲಿ ಹಿರಿಯರು ಕೇಪಿನ ಕೋವಿಗೆ ಬಳಿಯುತ್ತಿದ್ದ ಕೊಬ್ಬರಿ ಎಣ್ಣೆ ಇದಕ್ಕೆ ಬೇಡ. ಸುಮಾರು 24 ಡಿಗ್ರಿಗಿಂತ ಕೆಳಗೆ ಅದು ಗಟ್ಟಿಯಾಗುತ್ತದೆ, ಪುಷ್ಯದ ಬೆಳಗಿನಲ್ಲಿ ಬೋಲ್ಟ್ ಮತ್ತೆ ಹಳೆಯ ಬಿಗಿಗೇ ಮರಳುತ್ತದೆ. ಹೊಲಿಗೆ ಯಂತ್ರದ ಎಣ್ಣೆಯನ್ನು ತೆಳ್ಳಗೆ ಹಚ್ಚಿ ಒರೆಸಿಡುತ್ತೇನೆ. ಚುನಾವಣೆಗೆ ಠಾಣೆಯಲ್ಲಿ ಠೇವಣಿ ಇಡುವ ಮುನ್ನ ಮಾತ್ರ ದಪ್ಪ ಗ್ರೀಸ್ ಬಳಿದು, ಮರಳಿ ತಂದ ದಿನ ಪೂರ್ತಿ ತೊಳೆಯುತ್ತೇನೆ. ಆಯುಧಪೂಜೆಯ ಅರಿಶಿನ, ಕುಂಕುಮವನ್ನು ಮರದ ಹಿಡಿಗಷ್ಟೇ ಇಡುವುದು ನಮ್ಮ ಮನೆಯ ಕಟ್ಟುನಿಟ್ಟು. ಆ ಪುಡಿ ಬೋಲ್ಟಿನ ದಾರಿಗೆ ಇಳಿದರೆ ತೇವ ಹಿಡಿದು ಕೂರುತ್ತದೆ.

ಕೊಳ್ಳಬೇಕೆಂದಿರುವವರಿಗೆ ಈ ರೈಫಲ್ ಕೊಳ್ಳಿ ಎಂದೇ ಧೈರ್ಯವಾಗಿ ಹೇಳುತ್ತೇನೆ, ಗಟ್ಟಿ ಯಂತ್ರ, ಬಿಚ್ಚಿ ತೊಳೆಯುವುದು ಸುಲಭ. ಅಂಗಡಿಯಲ್ಲಿ ಒಂದಕ್ಕಿಂತ ಹೆಚ್ಚು ಇದ್ದರೆ ಅಕ್ಕಪಕ್ಕ ಇಡಿಸಿ, ಪ್ರತಿಯೊಂದರ ಬೋಲ್ಟನ್ನೂ ಆಡಿಸಿ ನೋಡಿ ಆರಿಸಿಕೊಳ್ಳಿ. ಗ್ರೀಸಿನ ಬಿಗಿ ಎಲ್ಲದರಲ್ಲೂ ಇರುತ್ತದೆ. ಬೋಲ್ಟಿನ ಹಿಡಿಯನ್ನು ಕೆಳಗೆ ಮಡಿಸುವಾಗ ಒಂದೇ ಜಾಗದಲ್ಲಿ ಗಕ್ಕನೆ ನಿಲ್ಲುವುದನ್ನು ಮಾತ್ರ ತೆಗೆದುಕೊಳ್ಳಬೇಡಿ.